ಕೈಗೆ ಬಿಟ್ಟ ಭಾರ

ಮತ್ತೆ ಒರೆಸುತ್ತಿದ್ದಾನೆ, ಧೂಳೇ ಇಲ್ಲದ ಕಡೆ ಒರೆಸುತ್ತಿದ್ದಾನೆ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಉಕ್ಕಿನ ತೋಳನ್ನು ಹೆಗಲಿನಿಂದ ಮಣಿಕಟ್ಟಿನವರೆಗೆ, ಮಾರಲು ತಂದ ಕುದುರೆಯ ಬೆನ್ನು ಸವರುವವನ ಹಾಗೆ — ಮ್ಯಾನೇಜರು, ಅವಳ ಮನಸ್ಸಿನೊಳಗೆ ಮಾತ್ರ ನುಣುಪಪ್ಪ, ಏಕೆಂದರೆ ಅವನ ಬಾಯಿಂದ ಬರುವ ಹೊಗಳಿಕೆ ಅದೊಂದೇ, ನುಣುಪಾಗಿದೆ, ಇನ್ನೂ ನುಣುಪಾಗಲಿ, ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು. ತೋಳು ಅವಳದು, ಅವಳೇ ಎಣಿಸಿ ಕಟ್ಟಿದ್ದು. ಕಂಪನಿಯ ಹೆಸರು ಅದರ ಮೈಮೇಲೆ ಅಂಟಿದೆ, ಅಂಟಿರಲಿ, ಹೆತ್ತವಳು ಯಾರೆಂಬುದು ಹೆಸರಿನ ಚೀಟಿಗೆ ಗೊತ್ತಿರುವುದಿಲ್ಲ. ಮೂರು ಕೀಲು, ಒಳಗೊಂದು ಸ್ಪ್ರಿಂಗು, ತುದಿಯಲ್ಲಿ ಮೂಳೆ ಕೊರೆಯುವ ಡ್ರಿಲ್ಲು, ತುಂಬಿದ ತಂಬಿಗೆಯಷ್ಟು ಭಾರದ ಆ ಡ್ರಿಲ್ಲನ್ನು ಶಸ್ತ್ರಚಿಕಿತ್ಸಕರ ಕೈಯ ಬದಲು ಈ ತೋಳು ಹೊರುತ್ತದೆ, ಓದುವ ಮೇಜಿನ ದೀಪ ಬಾಗಿಸಿದಲ್ಲೇ ನಿಲ್ಲುತ್ತದಲ್ಲ, ಹಾಗೆ. ಆಸ್ಪತ್ರೆಯ ಅಭ್ಯಾಸದ ಕೋಣೆ, ಸ್ಪಿರಿಟ್ಟಿನ ವಾಸನೆ, ಕಿಟಕಿಯಾಚೆ ಯಾರೋ ಕಾರನ್ನು ಹಿಂದಕ್ಕೆ ತೆಗೆಸುತ್ತಿದ್ದಾರೆ, ಬಾ ಬಾ ಬಾ, ಸಾಕು ಸಾಕು — ಮೇಜಿನಂಚಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಯಲ್ಲಿ ಕುರಿಯ ತೊಡೆಮೂಳೆ ಅಡ್ಡಡ್ಡ ಕೂತಿದೆ, ಮೂಳೆಯ ಹೊಟ್ಟೆಗೆ ತಾಗಿಯೂ ತಾಗದಂತೆ ಕೆಳಗೆ ನೀರು ತುಂಬಿ ಕಟ್ಟಿದ ಕೆಂಪು ಬಲೂನು. ಬಲೂನು ಅತ್ತಿಗೆಯದೇ ಯೋಚನೆ, ಅತ್ತಿಗೆ ಇದೇ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ದೊಡ್ಡ ಡಾಕ್ಟರು, ಮೂಳೆ ವಿಭಾಗದ ಮುಖ್ಯಸ್ಥರು, ಹೋದ ವಾರ ಅತ್ತಿಗೆಯನ್ನು ಕರೆದು ಬಾಗಿಲು ಮುಂದೆ ಮಾಡಿ, ನೋಡಿ ಡಾಕ್ಟರೇ, ನಿಮ್ಮ ಕೈ ವಿಷಯ ಎಲ್ಲರ ಬಾಯಲ್ಲೂ ಇದೆ, ಆಪರೇಷನ್ ಬಿಟ್ಟುಬಿಡಿ, ಪಾಠ ಮಾಡಿ, ಕಲಿಸೋದೇನು ಕಡಿಮೆ ಕೆಲಸವಾ ಎಂದರಂತೆ — ಕೆಟ್ಟ ಮನುಷ್ಯರಲ್ಲ, ಆ ಮೇಜಿನ ಮೇಲೆ ಮಲಗುವ ಕಾಲು ಯಾರದ್ದೋ ಮಗಳದು, ಯಾರದ್ದೋ ಗಂಡನದು ಎಂಬುದನ್ನು ಮರೆತವರಲ್ಲ, ಅದಕ್ಕೇ ಅವರ ಮಾತು ಹೆಚ್ಚು ಚುಚ್ಚುವುದು. ಅತ್ತಿಗೆ ಅಳಲಿಲ್ಲ. ಅನುಮಾನ ಇದ್ರೆ ಪರೀಕ್ಷೆ ಮಾಡಿ ಸರ್, ಮೂಳೆ ಕೆಳಗೆ ರಕ್ತನಾಳ ಇದೆ ಅಂದ್ಕೊಂಡು ಬಲೂನ್ ಕಟ್ಟಿ, ನನ್ನ ನಾದಿನಿ ಒಂದು ತೋಳು ಮಾಡ್ತಿದಾಳೆ, ಅದರಲ್ಲಿ ಕೊರೀತೀನಿ, ಬಲೂನ್ ಒಡೀತೋ, ಅವತ್ತೇ ಚಾಕು ಕೆಳಗಿಡ್ತೀನಿ, ನೀವು ಹೇಳೋದೇ ಬೇಡ. ಹಾಗೆಂದು ಮನೆಗೆ ಬಂದು, ಬಲೂನು ತಂದಿಡೇ ಎಂದಾಗ ಅವಳು ಯಾವ ಬಣ್ಣ ಅತ್ತಿಗೆ ಎಂದು ಕೇಳಿದ್ದಳು, ಇದ್ಯಾವ ಪ್ರಶ್ನೆ, ಕೆಂಪು, ಇನ್ನೇನು ಹಳದಿನಾ, ಒಡೆದರೆ ಒಡೀತು ಅಂತ ಎಲ್ಲರಿಗೂ ಕಾಣಬೇಕು.

ಕೈ. ಅತ್ತಿಗೆಯ ಹೆಬ್ಬೆರಳಿನ ಬುಡದಲ್ಲಿ ಜೋಮು, ಮಣಿಕಟ್ಟಿನಲ್ಲಿ ಬಿಸಿ ತಂತಿ ಎಳೆದಂಥ ನೋವು, ವರ್ಷಗಟ್ಟಲೆ ಆ ಡ್ರಿಲ್ಲಿನ ಭಾರವನ್ನು ಚಾಚಿದ ಕೈಯಲ್ಲಿ ಹಿಡಿದು ಹಿಡಿದು — ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವಳು ಕಂಡುಕೊಂಡದ್ದು ಡಬ್ಬಿಗಳಿಂದ. ಅಡುಗೆಮನೆಯ ಡಬ್ಬಿ, ಬಾಟಲಿ, ಉಪ್ಪಿನ ಜಾಡಿ, ಎಲ್ಲದರ ಮುಚ್ಚಳವೂ ಸಡಿಲ, ಎತ್ತಿದರೆ ಮುಚ್ಚಳ ಕೈಗೆ, ಡಬ್ಬಿ ನೆಲಕ್ಕೆ, ಒಂದು ಬೆಳಿಗ್ಗೆ ನೆಲವೆಲ್ಲ ಸಕ್ಕರೆಯಾಗಿ, ಯಾರಪ್ಪಾ ಈ ಮನೇಲಿ ಮುಚ್ಚಳ ಹಾಕೋಕೂ ಬರದ ಮಹಾರಾಯರು ಎಂದು ಅವಳು ಕೂಗಿದಾಗ ಅಣ್ಣ ಪೊರಕೆ ಹಿಡಿದು ಬಂದ, ಮೆಲ್ಲಗೆ, ನಾನೇ ಕಣೇ, ಕೆಲಸಕ್ಕೆ ಹೋಗೋ ಮುಂಚೆ ಎಲ್ಲಾ ಒಂದು ಸುತ್ತು ಸಡಿಲ ಮಾಡಿ ಹೋಗ್ತೀನಿ, ನಿನ್ನ ಅತ್ತಿಗೆಗೆ ಹೇಳ್ಬೇಡ, ತಾನೇ ತೆಗೀತಿದೀನಿ ಅಂದ್ಕೊಂಡಿದಾಳೆ. ಅಯ್ಯೋ ಪೆದ್ದಣ್ಣ, ಜನರ ಮೊಣಕಾಲಿನ ಕೀಲು ಬಿಚ್ಚಿ ಕೂಡಿಸುವವರಿಗೆ ಉಪ್ಪಿನ ಜಾಡಿಯ ಗುಟ್ಟು ಗೊತ್ತಾಗದೇ ಇರುತ್ತದೆಯೇ, ಅತ್ತಿಗೆಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಬಿಗಿಹಿಡಿದು, ಮುಖ ಕಿವುಚಿ, ಸಡಿಲ ಮುಚ್ಚಳವನ್ನು ಕಷ್ಟಪಟ್ಟು ತೆಗೆಯುತ್ತಿದ್ದರು, ಒಬ್ಬರಿಗೊಬ್ಬರು ಒಂದು ಸುಳ್ಳನ್ನೂ ಆಡದೆ ಇಬ್ಬರೂ ಸುಳ್ಳನ್ನು ಸಾಕುತ್ತಿದ್ದರು — ಅದನ್ನು ನೋಡಿ ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು, ಕಿವಿಯವರೆಗೆ ಏರಿದ ಸಿಟ್ಟು, ಡಬ್ಬಿಯನ್ನು ಸಡಿಲಿಸಿಟ್ಟ ಹಾಗೆ ಮೂಳೆಯನ್ನು ಮೊದಲೇ ಸಡಿಲಿಸಿಡಲು ಯಾವ ಗಂಡನಿಂದ ಆದೀತು, ಮತ್ತೆ ಈ ಡ್ರಿಲ್ಲು ಮಾಡಿದ ಮಹಾನುಭಾವರು ಯಾರ ಕೈ ಅಳೆದು ಮಾಡಿದರು, ಯಾವ ಪೈಲ್ವಾನನ ಕೈ, ಆ ಕೈಗೆ ಹೊಂದದಿದ್ದರೆ ತಪ್ಪು ಹೊಂದದವರದ್ದೇ ಏಕೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ ಅವಳಿಗಿಟ್ಟ ಹೆಸರು ಸ್ಕ್ರೂ — ಗಡಿಯಾರ, ರೇಡಿಯೋ, ಹೊಲಿಗೆ ಯಂತ್ರ, ಸಿಕ್ಕಿದ್ದನ್ನೆಲ್ಲ ಬಿಚ್ಚಿ ನಡುಮನೆಯಲ್ಲಿ ಹರಡಿಕೊಂಡು ಕೂರುವವಳು, ಬಿಚ್ಚೋಕೆ ಮುಂದು, ಜೋಡಿಸೋಕೆ ಹಿಂದು, ನಿನ್ನ ತಲೇಲೂ ಒಂದು ಲೂಸ್ ಇದೆ, ಅದನ್ನ ಯಾವಾಗ ಬಿಗಿ ಮಾಡ್ತೀಯಾ ಸ್ಕ್ರೂ — ನೀವು ಜನರ ಮೂಳೆಗೆ ಹಾಕಿ ಮಿಕ್ಕಿದ್ದೇನಾದ್ರೂ ಇದ್ರೆ ಕೊಡಿ ಅತ್ತಿಗೆ, ಬಿಗಿ ಮಾಡ್ಕೋತೀನಿ. ಆ ನಗು. ಅಂಥ ನಗುವಿನವರನ್ನು ಪಾಠದ ಕೋಣೆಯ ಕುರ್ಚಿಗೆ ಕಟ್ಟಿಹಾಕುತ್ತಾರಂತೆ. ಕಟ್ಟಲಿ ನೋಡೋಣ.

ಕಾರ್ಖಾನೆಯಲ್ಲಿ ತೋಳನ್ನು ಮೊದಲ ಸಲ ನಿಲ್ಲಿಸಿದ ದಿನ ಡ್ರಿಲ್ಲು ಗಾಳಿಯಲ್ಲಿ ತೇಲಿತ್ತು, ಕಿರುಬೆರಳಿನಿಂದ ತಳ್ಳಿದರೆ ನೀರ ಮೇಲಿನ ಎಲೆಯಂತೆ ಸರಿಯಿತು, ನುಣುಪಪ್ಪ ಚಪ್ಪಾಳೆ ತಟ್ಟಿದ, ಭಾರವೇ ಇಲ್ಲ, ಇದೇ ನಮ್ಮ ಜಾಹೀರಾತು, ಭಾರವೇ ಇಲ್ಲ. ಅವಳ ಎದೆಯೂ ಉಬ್ಬಿತ್ತು, ಸುಳ್ಳೇಕೆ. ಅತ್ತಿಗೆ ಹಿಡಿದು ನೋಡಿದರು, ಹತ್ತಿಯ ಹಾಗಿದೆ ಕಣೇ ಎಂದರು, ಅಭ್ಯಾಸಕ್ಕೆಂದು ಬಲೂನು ಕಟ್ಟಿಟ್ಟ ಕುರಿಮೂಳೆಯ ಮೇಲಿಟ್ಟರು, ಗುಂಡಿ ಒತ್ತಿದರು, ಡ್ರಿಲ್ಲಿನ ಮೊನೆ ಮೂಳೆಯಾಚೆ ಬಂತು, ಬಂದದ್ದು ನಿಲ್ಲಲಿಲ್ಲ, ಬೆರಳುದ್ದ ಬಂತು — ಟಪ್ಪೆಂದು ಬಲೂನು ಒಡೆದು ಅತ್ತಿಗೆಯ ಬಟ್ಟೆಯೆಲ್ಲ ನೀರು, ಮೂಳೆಯಾಚೆ ಹೊಳೆಯುತ್ತಿದ್ದ ಆ ಮೊನೆ, ಬೆರಳುದ್ದದ ಆ ಮೊನೆ, ಊಟಕ್ಕೆ ಕೂತರೂ ಕಣ್ಣ ಮುಂದೆ ಅದೇ. ನುಣುಪಪ್ಪ ಅವಳನ್ನು ಪಕ್ಕಕ್ಕೆ ಕರೆದು, ಪಕ್ಕವೆಂದರೆ ಮೂರು ಮಾರು ದೂರ, ಅತ್ತಿಗೆಗೆ ಕೇಳುವಷ್ಟು ಪಕ್ಕ, ತೋಳಿಂದೇನೂ ತಪ್ಪಿಲ್ಲಮ್ಮ, ಕೈಯದು, ಅವರ ಕೈ ಹೇಗೂ ಹೋಗಿದೆಯಲ್ಲ ಎಂದ. ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಿತ್ತು, ಹಿಂದೆ ಕೂತ ಅತ್ತಿಗೆ ಅವಳ ಹೆಲ್ಮೆಟ್ಟಿಗೆ ಬಾಯಿಟ್ಟು, ನೀನೂ ಹಾಗೇ ಅಂದ್ಕೊಂಡ್ಯಾ? ಇಲ್ಲ ಅತ್ತಿಗೆ. ಹಾಗಿದ್ರೆ ಕೇಳು, ಮೂಳೆ ಕೊರೆಯುವಾಗ ಮೊದಲು ಗಟ್ಟಿ, ಆಮೇಲೆ ಮೆತ್ತಗೆ, ಮತ್ತೆ ಗಟ್ಟಿ, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲ ಅನ್ನೋದು ಬರೋ ಮುಂಚೆ ನಿಲ್ಲಬೇಕು, ಅದು ಕಣ್ಣಿಗೆ ಕಾಣಲ್ಲ, ಕೈಗೆ ಕೇಳಿಸುತ್ತೆ, ನಿನ್ನ ತೋಳು ನನ್ನ ಕೈನ ಮಗು ಥರ ಎತ್ಕೊಂಡುಬಿಟ್ಟಿದೆ ಕಣೇ, ಎತ್ಕೊಂಡ ಮಗೂಗೆ ನೆಲ ಎಲ್ಲಿದೆ ಅಂತ ಗೊತ್ತಾಗುತ್ತಾ? ಹಸಿರು ದೀಪ ಬಂತು, ಹಿಂದಿನವರು ಹಾರ್ನು ಹೊಡೆದರು, ಅವಳು ಅಲುಗಲಿಲ್ಲ. ಹೌದಲ್ಲ. ಭಾರವೇ ಇಲ್ಲದ್ದನ್ನು ಮೂಳೆಯೊಳಗೆ ಇಳಿಸಬೇಕೆಂದರೆ ಹೆಗಲಿನಿಂದ ಒತ್ತಬೇಕು, ಒತ್ತುವ ಕೈಗೆ ಕಿವಿಯಿರುವುದಿಲ್ಲ, ಎದುರಿನದು ಸರಿದುಹೋದ ಮೇಲೂ ಅದು ಒತ್ತುತ್ತಲೇ ಇರುತ್ತದೆ, ಮುಚ್ಚಿದ ಬಾಗಿಲನ್ನು ದೂಡುವವನಿಗೆ ಒಳಗಿನಿಂದ ಯಾರೋ ಚಿಲಕ ತೆಗೆದ ಹಾಗೆ. ಮರುದಿನ ಸ್ಪ್ರಿಂಗಿನ ಸ್ಕ್ರೂವನ್ನು ಅವಳು ಚೂರು ಚೂರೇ ಹಿಂದಕ್ಕೆ ತಿರುಗಿಸಿದಳು, ಭಾರವನ್ನು ಚಿಟಿಕೆ ಚಿಟಿಕೆಯಾಗಿ ಹಿಂದಿರುಗಿಸಿದಳು, ಅತ್ತಿಗೆ ಕಣ್ಣು ಮುಚ್ಚಿ ಹಿಡಿದಿದ್ದರು, ಇನ್ನೂ ಸ್ವಲ್ಪ, ಇನ್ನೂ, ಹಾಂ, ಈಗ ನೆಲ ಸಿಕ್ತು — ನೋವಾಗುತ್ತಾ ಅತ್ತಿಗೆ — ಆಗುತ್ತೆ, ಅಷ್ಟು ನಾನು ಹೊರ್ತೀನಿ, ನಿಂಗ್ಯಾಕೆ. ಅಲ್ಲಿ ಸ್ಕ್ರೂವಿನ ತಲೆಯಿಂದ ತೋಳಿನ ಮೈಯವರೆಗೆ ಅರದಿಂದ ಒಂದು ಗೆರೆ ಗೀರಿದಳು. ಆ ಗೆರೆಯಲ್ಲಿ ಬಲೂನುಗಳು ಒಂದೆರಡು ಒಡೆದವು, ಆಮೇಲೆ ಒಡೆಯುವುದು ನಿಂತಿತು, ಆದರೆ ಅಲ್ಲಿ ನೋಡುವವರು ಯಾರಿದ್ದರು, ಅವಳು, ಅತ್ತಿಗೆ, ಗೋಡೆಯ ಹಲ್ಲಿ.

ಒರೆಸಿ ಮುಗಿಯಿತು, ಕರವಸ್ತ್ರ ಜೇಬಿಗೆ ಹೋಯಿತು, ಹೋಗುವಾಗ ಅವನ ತೋಳು ತಾಕಿ ಉಕ್ಕಿನ ತೋಳು ಸರಿಯಿತು — ಹೇಗೆ ಸರಿಯಿತು, ಎಲೆಯ ಹಾಗೆ, ನೀರ ಮೇಲಿನ ಎಲೆಯ ಹಾಗೆ, ಹಾಗೆ ಸರಿಯಬಾರದು ಅದು, ಗೆರೆಯಲ್ಲಿದ್ದರೆ ಒಂದಿಷ್ಟು ಬಿಗುಮಾನದಿಂದ ಸರಿಯಬೇಕು, ಅವಳು ಬಗ್ಗಿ ನೋಡಿದಳು, ಸ್ಕ್ರೂವಿನ ಮೇಲೆ ನಿನ್ನೆ ಇಲ್ಲದ ಒಂದು ಬಿಳಿ ಪ್ಲಾಸ್ಟಿಕ್ಕಿನ ಮುಚ್ಚಳ, ನುಣುಪಾದ ಮುಚ್ಚಳ. ತಿರುಗಿಸಿಬಿಟ್ಟಿದ್ದಾನೆ. ಭಾರವೇ ಇಲ್ಲ ಮಾಡಿಟ್ಟಿದ್ದಾನೆ. ಶುರು ಮಾಡೋಣ್ವಾ ಎಂದರು ದೊಡ್ಡ ಡಾಕ್ಟರು, ಅತ್ತಿಗೆ ಕೈಗವಸು ಎಳೆದುಕೊಂಡು ಕೈ ಮುಂದೆ ಚಾಚಿದರು, ಚಾಚಿದ ಕೈ ಡ್ರಿಲ್ಲನ್ನು ಮುಟ್ಟುವ ಮೊದಲೇ ಅವಳು ನಡುವೆ ಹೋಗಿ ನಿಂತಿದ್ದಳು, ಜಡೆಯಿಂದ ಕ್ಲಿಪ್ಪು ಕಿತ್ತು ಮುಚ್ಚಳವನ್ನು ಎಬ್ಬಿಸಿದಳು, ಅದು ಹಾರಿ ಎಲ್ಲೋ ಉರುಳಿತು. ಏನಮ್ಮ ಇದು, ನುಣುಪಪ್ಪ ನಗುನಗುತ್ತಲೇ ಹಲ್ಲು ಕಚ್ಚಿ, ದೊಡ್ಡವರ ಮುಂದೆ, ಬಿಡಿ ಅದನ್ನ, ದೊಡ್ಡ ಡಾಕ್ಟರು ಹಿಡಿದು ತೇಲಿಸಿ ನೋಡಲಿ, ಅವರು ಒಪ್ಪಿದರೆ ಊರಿಗೆಲ್ಲ ಮಾರಬಹುದು, ನಿಮ್ಮ ಅತ್ತಿಗೆ ಕೈ ಉಳಿಸೋಕಾ ಕಂಪನಿ ಇರೋದು? ಆ ಮಾತೂ ಅದೇ ಮೂರು ಮಾರು ಪಕ್ಕದಲ್ಲೇ, ಅತ್ತಿಗೆಗೆ ಕೇಳುವಂತೆಯೇ ಆಡಿದ್ದು. ಸ್ಕ್ರೂ ತಿರುಗಿಸುವ ಅಲೆನ್ ಕೀ ಅವಳ ಕುರ್ತಾದ ಜೇಬಿನಲ್ಲಿತ್ತು, ಯಾವಾಗಲೂ ಇರುತ್ತದೆ. ತೋಳು ಕಂಪನೀದು, ಇಟ್ಕೊಳ್ಳಿ ಸಾರ್, ಹೆಸರು ನಿಮ್ಮದು, ಬಣ್ಣ ನಿಮ್ಮದು, ಒರೆಸೋ ಬಟ್ಟೆನೂ ನಿಮ್ಮದೇ, ಈ ಸ್ಕ್ರೂ ಮಾತ್ರ ನಾನು ಹೇಳಿದ ಕಡೆ ನಿಲ್ಲುತ್ತೆ. ಕೆಲಸ ಬೇಕೋ ಬೇಡವೋ ನಿಮಗೆ? ಆಮೇಲೆ ಕೇಳಿ ಸಾರ್, ಈಗ ಕೈ ಬಿಡುವಿಲ್ಲ. ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಕೀ ತಿರುಗಿತು, ಗೆರೆ ಗೆರೆಗೆ ಕೂಡಿತು, ಡ್ರಿಲ್ಲು ಚೂರೇ ಚೂರು ತಲೆ ಬಾಗಿಸಿ ನಿಂತಿತು. ದೊಡ್ಡ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ಏನು ಮಾಡಿದ್ರಿ? ಭಾರ ವಾಪಸ್ ಕೊಟ್ಟೆ ಸರ್. ಭಾರ ಇಳಿಸೋ ಯಂತ್ರ ಅಂದ್ರಲ್ಲ ಇವರು? ನೋವಿನ ಭಾರ ಇಳಿಸುತ್ತೆ ಸರ್, ತಿಳಿಯೋ ಭಾರ ಕೈಗೇ ಬಿಡುತ್ತೆ, ಎಲ್ಲಾನೂ ಇಳಿಸಿದ್ರೆ ಕೈಯಲ್ಲಿ ಕೈ ಉಳಿಯಲ್ಲ. ಅವರು ಕನ್ನಡಕ ಮೇಲೇರಿಸಿ ಅತ್ತಿಗೆಯ ಕೈಯತ್ತ ತಿರುಗಿದರು, ಒಪ್ಪದಿದ್ದರೆ ಬೇಡ, ಒಪ್ಪಿಗೆ ಕೇಳಿದವರು ಯಾರು. ಅತ್ತಿಗೆ ಮಾತ್ರ ಮಾಸ್ಕಿನೊಳಗಿಂದ, ಮುಗೀತಾ ನಿನ್ನ ಭಾಷಣ, ಪಕ್ಕಕ್ಕೆ ಸರಿಯೇ ಸ್ಕ್ರೂ, ಬೆಳಕು ಬಿಡು.

ಸರಿದಳು, ಎಲ್ಲಿಗೆ, ಮೂಳೆಯ ಈಚೆಗಲ್ಲ, ಬಗ್ಗಿ, ನೆಲದಲ್ಲಿ ಮೊಣಕಾಲೂರಿ, ಮೂಳೆಯ ಅಡಿ ಕಾಣುವ ಕಡೆಗೆ, ಎಲ್ಲರೂ ಮೇಲೆ ಕೈ ನೋಡುತ್ತಾರೆ, ನೋಡಬೇಕಾದದ್ದು ಇಲ್ಲಿ, ಮೂಳೆಯ ಹೊಟ್ಟೆ ಮತ್ತು ಬಲೂನಿನ ನೆತ್ತಿಯ ನಡುವಿನ ಈ ಕತ್ತಲ ಸೀಳಿನಲ್ಲಿ, ನೀರು ತುಂಬಿದ ಕೆಂಪು ಚರ್ಮ ಬಿಗಿದು ಹೊಳೆಯುತ್ತಿದೆ, ಯಾರೋ ನಡೆದರೆ ಕಂಪಿಸುತ್ತದೆ, ಯಾರೂ ನಡೆಯಬೇಡಿ — ಶಬ್ದ ಶುರುವಾಯಿತು, ಗುಂಯ್ಯೆನ್ನುವ ಶಬ್ದ, ಗಟ್ಟಿ, ಮೊದಲು ಗಟ್ಟಿ, ಬಿಳಿ ಪುಡಿ ಉದುರುತ್ತಿದೆ, ಸುಟ್ಟ ಉಗುರಿನ ವಾಸನೆ, ಮುಚ್ಚಳಗಳು, ಅಣ್ಣ ಈ ಹೊತ್ತಿಗೆ ಎಲ್ಲಿರುತ್ತಾನೆ, ಕಚೇರಿಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿರುತ್ತಾನೆ, ಪೆದ್ದ, ಇನ್ನು ಮೇಲೆ ಎಲ್ಲ ಮುಚ್ಚಳ ಬಿಗಿಯಾಗಿ ಹಾಕು, ಇರುವೆ ಬರುತ್ತೆ — ಶಬ್ದ ಬದಲಾಯಿತು, ಮೆತ್ತಗೆ, ಈಗ ಮೆತ್ತಗೆ, ಇಲ್ಲೇ ಅವಸರ ಮಾಡುವುದು ಎಲ್ಲರೂ, ಅತ್ತಿಗೆ ಅವಸರ ಮಾಡುತ್ತಿಲ್ಲ, ಮೇಲೆ ಅತ್ತಿಗೆಯ ಉಸಿರು ಕೇಳುತ್ತದೆ, ಆ ಉಸಿರಿನಲ್ಲಿ ನೋವಿದೆ, ಇರಲಿ, ಅವರದೇ ನೋವು, ಕೇಳಿ ಪಡೆದದ್ದು, ಯಾರೂ ಕರುಣೆ ತೋರಬೇಡಿ ಅದಕ್ಕೆ, ಕೆಲಸ ಹೋಗುತ್ತದೆ, ಹೋಗಲಿ, ಬಿಚ್ಚುವುದಕ್ಕೆ ಜಗತ್ತಿನಲ್ಲಿ ಬೇಕಾದಷ್ಟಿದೆ, ಒಡೆದರೆ — ಒಡೆದರೂ ತೋಳು ನನ್ನದು, ಗೆರೆ ನನ್ನದು, ಮತ್ತೆ ಗೀರುತ್ತೇನೆ, ಮತ್ತೆ ಕಟ್ಟುತ್ತೇನೆ, ಕೆಂಪು ಬಲೂನು ಸಿಗದಿದ್ದರೆ ಹಳದಿ, ಆ ಮೊನೆ, ಬೆರಳುದ್ದದ ಆ ಮೊನೆ ಮಾತ್ರ ಬೇಡ, ಬೇಡ — ಮತ್ತೆ ಗಟ್ಟಿ, ಈಗ ಮತ್ತೆ ಗಟ್ಟಿ, ಮೂಳೆಯ ಹೊಟ್ಟೆಯಲ್ಲಿ ಕೂದಲೆಳೆಯ ಬಿರುಕು, ಬಿರುಕಿನಿಂದ ಪುಡಿ, ಪುಡಿಯ ನಡುವೆ ಏನೋ ಮಿಂಚಿತು, ಏನೂ ಇಲ್ಲ ಬರುತ್ತಿದೆ ಅತ್ತಿಗೆ, ಬರುತ್ತಿದೆ, ಕೇಳಿಸಿತೇ, ಬಾಯಿ ಬಿಡಬಾರದು, ತುಟಿ ಕಚ್ಚಿ ಹಿಡಿ, ಕೈಗೆ ಕೇಳಿಸಬೇಕು, ಕೈಗೇ —

ಶಬ್ದ ನಿಂತಿತು. ಮೂಳೆಯಾಚೆ ಎಳ್ಳಿನಷ್ಟು ಮೊನೆ. ಅದರ ಕೆಳಗೆ ಒಡೆಯದ ಕೆಂಪು. ಎಳ್ಳಿನಷ್ಟು ಮೊನೆ, ನಿಂತಿದೆ.