ಕಪ್ಪು ಕೆಸರಿನ ಗುಂಡಿ

೧೯೭೭ರ ಬೇಸಿಗೆ ರಜೆಯಲ್ಲಿ ಶಂಕರಮ್ಮ ಧನಗೆರೆಗೆ ಬಂದಾಗ ಅಣ್ಣ ಕೆಂಪನಂಜಪ್ಪ ಅವಳನ್ನು ಮಾತಾಡಿಸಲಿಲ್ಲ. ಅತ್ತಿಗೆ ತಟ್ಟೆಯನ್ನು ಜಗುಲಿಗೇ ತಂದು ಕುಕ್ಕಿದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಿದ್ದ ಅವಳು, ರೇಷ್ಮೆಗೆ ಬಣ್ಣ ಹಾಕುವ ಅಣ್ಣನ ಷೆಡ್ಡಿನ ನೀರೇ ಪಕ್ಕದ ಹೊಲದ ದೊಡ್ಡಮಾದಮ್ಮನ ಬಾವಿಯನ್ನು ಹಳದಿ ಮಾಡಿದೆ ಎಂದು ಪಂಚಾಯ್ತಿಯ ಮುಂದೆ ಹೇಳಿದ್ದಳು. ಬಣ್ಣ ಕಚ್ಚಲೆಂದು ಹಾಕುವ ಕಿತ್ತಳೆ ಉಪ್ಪಿನಲ್ಲಿ ಕ್ರೋಮಿಯಂ ಎಂಬ ಲೋಹವಿತ್ತು. ಷೆಡ್ಡಿನಲ್ಲಿ ನೂಲು ಅದ್ದುವ ಮುತ್ತಯ್ಯನ ಬಲಗೈ ಬೆರಳುಗಳಲ್ಲಿ ಅದು ತೂತು ಕೊರೆದಂಥ ಹುಣ್ಣು ಮಾಡಿತ್ತು.

ಪಂಚಾಯ್ತಿಯ ಬಲವಂತಕ್ಕೆ ಅಣ್ಣ ಷೆಡ್ಡಿನ ಹಿಂದೆ ಒಂದು ಗುಂಡಿ ತೋಡಿಸಿಕೊಟ್ಟ. ಶಂಕರಮ್ಮ ಅದಕ್ಕೆ ಕೆರೆಯ ತಳದ ಕಪ್ಪು ಕೆಸರು, ಹುಲ್ಲು, ಸಗಣಿ ತುಂಬಿಸಿ ಷೆಡ್ಡಿನ ನೀರು ಹಾಯಿಸಿದಳು. ಗಾಳಿಯಿಲ್ಲದ ಆ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಲೋಹವನ್ನು ನೀರಿನಿಂದ ಬಿಡಿಸಿ ತಳಕ್ಕೆ ಕೂರಿಸುತ್ತವೆ ಎಂದಳು. ಊರಿಗೆ ಕಂಡದ್ದು ಕೊಳೆತ ಮೊಟ್ಟೆಯ ನಾತ ಮಾತ್ರ. 'ಕಾಯ್ಲೆ ಸಾಕ್ತಾವ್ಳೆ' ಎಂದು ಹೆಂಗಸರು ಅವಳ ಬೆನ್ನಿಗೇ ಉಗುಳಿದರು. ಆದರೆ ಕೆಲವು ವಾರಗಳಲ್ಲಿ, ಹಳದಿಯಾಗಿ ಒಳಹೋದ ನೀರು ಆಚೆ ತಿಳಿಯಾಗಿ ಬಂತು.

ಒಂದು ಬೆಳಿಗ್ಗೆ ನೋಡಿದರೆ ಆಚೆಯ ನೀರು ಮತ್ತೆ ಹಳದಿ. ಅಣ್ಣ ಆಗಲೇ ಜನ ಸೇರಿಸಿದ್ದ.

"ನೋಡ್ರಪ್ಪ, ಇವಳ ಉಳ ಎಲ್ಲಾ ಸತ್ತೋದೊ."

ಶಂಕರಮ್ಮ ಬಗ್ಗಿದಳು. ನಾತವಿರಲಿಲ್ಲ, ಕಾಲರಾ ಬಂದಾಗ ಬಾವಿಗೆ ಹಾಕುವ ಪುಡಿಯ ಘಾಟು ಮೂಗಿಗೆ ಹೊಡೆಯಿತು. ದಂಡೆಯಲ್ಲಿ ಬಿಳಿಯ ಹೆಂಟೆಗಳಿದ್ದವು. ಅವಳು ಒಂದನ್ನು ಎತ್ತಿ ಅಣ್ಣನ ಮುಂದೆ ಹಿಡಿದಳು.

"ಬ್ಲೀಚಿಂಗ್ ಪೌಡ್ರು ಸುರಿದಿದ್ದೀಯ, ಅಣ್ಣ."

"ನನ್ನ ಗುಂಡಿ. ಏನಾದ್ರೂ ಸುರಿತೀನಿ."

"ಬಾವಿ ನಿಮ್ದಲ್ವಲ್ಲ ಬುದ್ಧಿ," ಎಂದಳು ಹಿಂದೆ ನಿಂತಿದ್ದ ದೊಡ್ಡಮಾದಮ್ಮ. ಆಮೇಲೆ ಶಂಕರಮ್ಮನತ್ತ ತಿರುಗಿ, "ಈ ನೀರು ಎಂಗಿದ್ರೂ ನನ್ನ ಒಲಕ್ಕೇ ಬತ್ತದೆ. ಅಲ್ಲೇ ಗುಂಡಿ ತೋಡಿ," ಎಂದಳು.

ಮುತ್ತಯ್ಯ ಗುದ್ದಲಿ ಎತ್ತಿಕೊಂಡ.

"ಅತ್ಲಾಗೆ ಓದ್ರೆ ನಾಳೆಯಿಂದ ಕೆಲಸಕ್ಕೆ ಬರಬ್ಯಾಡ ಕಣ್ಲಾ," ಎಂದ ಕೆಂಪನಂಜಪ್ಪ.

ಮುತ್ತಯ್ಯ ಹುಣ್ಣಿನ ಬೆರಳುಗಳನ್ನು ಅವನ ಮುಖದ ಹತ್ತಿರ ಹಿಡಿದ. "ಈ ಕೈನ ಇನ್ನೆಷ್ಟು ದಿನ ಕೆಲಸಕ್ಕೆ ಕರೀತೀರಿ?"

ಹೊಸ ಗುಂಡಿಯ ನೀರು ಮುಂಗಾರಿನ ಹೊತ್ತಿಗೆ ತಿಳಿಯಾಯಿತು. ಶಂಕರಮ್ಮ ಮುಚ್ಚಿಡಲಿಲ್ಲ: ವಿಷ ಸತ್ತಿಲ್ಲ, ಕೆಸರಿನಲ್ಲಿ ಕೂತಿದೆ, ಅಲ್ಲಿ ಏನೂ ಬೆಳೆಯಬಾರದು, ಕೆಸರು ತೆಗೆದು ಸಿಮೆಂಟು ತೊಟ್ಟಿಗೆ ಹಾಕಬೇಕು ಎಂದಳು. ಅಣ್ಣನಿಗೆ ಅಷ್ಟೇ ಸಾಕಾಯಿತು. ನನ್ನ ತಂಗಿ ಬಡವಿಯ ಹೊಲದಲ್ಲಿ ವಿಷ ಹೂತಳು ಎಂದು ಊರೆಲ್ಲ ಸಾರಿದ.

"ಮುಂಚೆ ವಿಸ ಎಲ್ಲದೆ ಅಂತ ತಿಳೀದೆ ಕುಡೀತಿದ್ದೊ," ಎಂದಳು ದೊಡ್ಡಮಾದಮ್ಮ. "ಈಗ ಎಲ್ಲದೆ ಅಂತ ಗೊತ್ತು."

ಶಂಕರಮ್ಮ ಮೈಸೂರಿಗೆ ಹೊರಟ ದಿನ ಅವಳ ಟ್ರಂಕು ಬೀದಿಯಲ್ಲಿತ್ತು, ಅಣ್ಣನ ಮನೆಯ ಬಾಗಿಲು ಹಾಕಿತ್ತು. ಅವಳು ಬಾಗಿಲು ತಟ್ಟಲಿಲ್ಲ. ಮುತ್ತಯ್ಯ ಟ್ರಂಕನ್ನು ಎಡಗೈಯಲ್ಲಿ ಎತ್ತಿ ಬಸ್ಸಿಗೆ ಹಾಕಿದ. ಮುಂದಿನ ರಜೆಗೆ ಬಂದಾಗ ಅವಳು ಇಳಿದುಕೊಂಡದ್ದು ದೊಡ್ಡಮಾದಮ್ಮನ ಮನೆಯಲ್ಲಿ. ಅಷ್ಟರಲ್ಲಿ ಕೆಂಪನಂಜಪ್ಪ ಎರಡು ಹೊಲಗಳ ನಡುವೆ ಮುಳ್ಳುಬೇಲಿ ಹಾಕಿಸಿದ್ದ. ಷೆಡ್ಡಿನ ನೀರಿಗೆ ಮಾತ್ರ ದಾರಿ ಬಿಟ್ಟಿದ್ದ.