ಕೆರೆ ಕುಡಿದವನ ಚಿತ್ರ

ಹೆಣದ ಬೆನ್ನಿಗೆ ಹಲಗೆ ಕೊಟ್ಟು ಕೂಡಿಸಿ ಕಟ್ಟುತ್ತಿದ್ದಾಗ ಹಗ್ಗ ಜಾರಿತು. ಚನ್ನೇಶನ ತಲೆ ಮುಂದಕ್ಕೆ ಬಾಗಿ, ರುಮಾಲು ಬಿಚ್ಚಿ, ಕಿವಿಯ ಹಿಂದಿನ ಹೊಲಿಗೆ ಕಂಡಿತು.

"ಲಗೂನ ಮುಚ್ರೋ, ಮಂದಿ ಬರಾಕತ್ತೇತಿ," ಎಂದ ಅಣ್ಣ ಬಸವಣ್ಣೆಪ್ಪ.

ಬೈಕಿನಿಂದ ಬಿದ್ದ ಎಂದೇ ಸವಣೂರಿನ ಆ ಓಣಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಸತ್ತರೆ ಕೊಯ್ಯುತ್ತಾರೆಂದು, ಉಸಿರಿರುವಾಗಲೇ ಅಣ್ಣ ತನ್ನದೇ ಹೊಣೆಯೆಂದು ಬರೆದುಕೊಟ್ಟು ಮನೆಗೆ ತಂದಿದ್ದ. ನಸುಕಿನಲ್ಲಿ ಉಸಿರು ನಿಂತಿತ್ತು.

ಮದುವೆಯ ಜೋಡಿಗಳನ್ನು, ನಿವೃತ್ತರಾಗುವ ಮಾಸ್ತರರನ್ನು ದೊಡ್ಡ ತಲೆ, ಸಣ್ಣ ಮೈ ಮಾಡಿ ವ್ಯಂಗ್ಯಚಿತ್ರ ಬರೆದುಕೊಟ್ಟು ಬದುಕಿದವನು ಚನ್ನೇಶ. ಗಿರಾಕಿ ಹೇಳಿದ್ದನ್ನು ಬರೆಯುವುದು, ಕೆಳಗೆ ತನ್ನ ಹೆಸರು, ಫೋನ್ ನಂಬರು ಹಾಕುವುದು.

"ನಮ್ಮ ಅಳಿಯನ ಮೂಗ ಬದನಿಕಾಯಿ ಮಾಡಿದ್ನವ್ವಾ," ಎಂದಳು ಪಕ್ಕದ ಮನೆಯ ಬಾನುಬಿ. "ಅಳಿಯಾ ಸಿಟ್ಟಾಗಿ ಊಟಾನ ಬಿಟ್ಟಿದ್ದ. ಈಗ ಅದಕ್ಕ ಚೌಕಟ್ ಹಾಕ್ಸ್ಯಾನ." ನಗಲು ಹೋಗಿ ಅತ್ತುಬಿಟ್ಟಳು.

ಚನ್ನೇಶನ ಚಿತ್ರಗಳನ್ನು ಅಚ್ಚುಹಾಕುವ ಪ್ರೆಸ್ಸಿನ ರುದ್ರೇಶ ಹಾರ ಹಿಡಿದು ಬಂದ. ಚನ್ನೇಶನ ಹೆಂಡತಿ ಸುಧಾರಾಣಿ ಎದ್ದು ಅಡ್ಡ ನಿಂತಳು.

"ಎಲ್ಲಿ ಬಿದ್ರು ಅಂದ್ರಿ?"

"ಬಂಕಾಪುರ ರೋಡಿನ್ಯಾಗ, ವೈನೀ."

"ನಿನ್ನಿ ಅವ್ರ ಚೀಲ ತರಾಕ ನಿಮ್ಮ ಪ್ರೆಸ್ಸಿಗೆ ಹೋಗಿದ್ನಿ. ಬೈಕ್ ಅಲ್ಲೇ ನಿಂತೇತಿ. ಒಂದ್ ಗೀರೂ ಇಲ್ಲ."

*

ಕೆರೆ ಹೂಳೆತ್ತುವ ಕೆಲಸ ತನ್ನ ತಮ್ಮನಿಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ರುದ್ರೇಶ ಚನ್ನೇಶನಿಂದ ಒಂದು ಚಿತ್ರ ಬರೆಸಿದ್ದ. ಅದರಲ್ಲಿ, ಆ ಕೆಲಸ ಹಿಡಿದ ಗುತ್ತಿಗೆದಾರ ಫಕ್ಕೀರಪ್ಪ ಕೆರೆಗೆ ನಳಿಗೆ ಹಚ್ಚಿ ಹೀರುತ್ತಿದ್ದಾನೆ. ಹೊಟ್ಟೆಯೇ ಕೆರೆ, ಒಳಗೆ ಮೀನು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಗೋಡೆಗೋಡೆಗೆ ಅಂಟಿತು.

ನಾಲ್ಕನೆಯ ದಿನ ಫಕ್ಕೀರಪ್ಪ ಇಬ್ಬರನ್ನು ಕರೆದುಕೊಂಡು ಪ್ರೆಸ್ಸಿಗೆ ನುಗ್ಗಿದ. ಚಿತ್ರದ ಕೆಳಗೆ ಹೆಸರಿದ್ದ ಚನ್ನೇಶ ಅಲ್ಲೇ ಬರೆಯುತ್ತ ಕೂತಿದ್ದ; ರುದ್ರೇಶ ಕಾಗದದ ಗಂಟುಗಳ ಹಿಂದೆ ಕುಕ್ಕರಿಸಿದ.

"ಯಾರ ಬರಸಿದ್ದು?"

"ಗಿರಾಕಿ ಹೆಸರ ಹೇಳೂದಿಲ್ರಿ ನಾ."

ಕಬ್ಬಿಣದ ರಾಡು ಮುಂಗೈಗೆ ಬಿತ್ತು. ಎಲುಬು ಹಸಿ ಕಟ್ಟಿಗೆಯಂತೆ ಮುರಿಯಿತು. ಎರಡನೆಯದು ಬಾಯಿಗೆ.

"ಈಗ ಹೇಳಲೇ."

ಚನ್ನೇಶ ಹಲ್ಲು ಉಗುಳಿದ. "ಬರ್ದಾಂವ ನಾನ. ಯಾಕ್ರಿ, ಹೊಟ್ಟಿ ಸಣ್ಣದಾತೇನು?"

ಮೂರನೆಯದು ಕಿವಿಯ ಹಿಂದೆ. ಬಿದ್ದವನ ಬೆನ್ನಿಗೆ ಕೈಸೋಲುವ ತನಕ ಹೊಡೆದರು. ಒಬ್ಬ ಬೂಟಿನಿಂದ ಬೆರಳು ಹೊಸಕಿದ. ಗಂಟುಗಳ ಸಂದಿಯಿಂದ ರುದ್ರೇಶನಿಗೆ ಎಲ್ಲ ಕಾಣುತ್ತಿತ್ತು. ಕೂಗದಂತೆ ತನ್ನ ಬಾಯನ್ನು ತಾನೇ ಒತ್ತಿ ಹಿಡಿದಿದ್ದ.

ಅವರು ಹೋದ ಮೇಲೆ ಆಸ್ಪತ್ರೆಗೆ ಒಯ್ದವನೂ, ಬೈಕಿನ ಸುಳ್ಳು ಹೇಳಿದವನೂ ಅವನೇ.

*

"ಪೊಲೀಸ್ರಿಗೆ ಹೇಳ್ರಿ," ಎಂದಳು ಸುಧಾರಾಣಿ.

"ಕುಣಿ ತಗದಾಗೇತಿ, ಸುಧಾ," ಎಂದ ಬಸವಣ್ಣೆಪ್ಪ. "ಈಗ ಪೊಲೀಸ್ರು ಅಂದ್ರ ಕೊಯ್ತಾರ. ಕೊಯ್ದ ಹೆಣ ಕುಂದ್ರೂದಿಲ್ಲ. ನಮ್ಮ ಮನಿತನದಾಗ ಯಾರನ್ನೂ ಮಲಗಿಸಿ ಮಣ್ಣ ಮಾಡಿಲ್ಲ."

ಸುಧಾರಾಣಿ ಗಂಡನ ಮೈಮೇಲಿನ ಶಲ್ಯ ಎಳೆದು ತೆಗೆದಳು. ರುದ್ರೇಶನ ಬೆರಳು ಹಿಡಿದು ಬೆನ್ನಿನ ಕಪ್ಪು ಬಾಸುಂಡೆಯ ಮೇಲೆ ಒತ್ತಿದಳು.

"ಇದು ಯಾವ ರೋಡು?" ಮತ್ತೊಂದರ ಮೇಲೆ ಒತ್ತಿದಳು. "ಇದು? ಇದು ಯಾವ ರೋಡ್ರಿ?"

ರುದ್ರೇಶ ಹಾರ ಕೆಳಗಿಟ್ಟು ಅವಳ ಮುಂದೆ ಕೂತ. "ಹೊಡದಾಂವ ಫಕ್ಕೀರಪ್ಪ. ಬರಸಿದಾಂವ ನಾನು. ನಾ ಅಲ್ಲೇ ಇದ್ನಿ, ವೈನೀ. ಅಡಗಿ ಕುಂತಿದ್ನಿ."

ಬಸವಣ್ಣೆಪ್ಪ ಅವನ ಎದೆಗೆ ಒದ್ದ. ಬಿದ್ದವನ ಮೇಲೆ ಕುಳಿತು ಮುಖಕ್ಕೆ ಗುದ್ದತೊಡಗಿದ. ತುಟಿ ಸೀಳಿ ರಕ್ತ ವಿಭೂತಿಯ ತಟ್ಟೆಗೆ ಸಿಡಿಯಿತು.

"ಬಿಡ್ರಿ ಭಾವಾರ," ಎಂದಳು ಸುಧಾರಾಣಿ. "ಅವನ ಬಾಯೀನೂ ಒಡದ್ರ ಪೊಲೀಸ್ರ ಮುಂದ ಹೇಳಾವ್ರ್ಯಾರು?"

ಪೊಲೀಸರು ಕಳಿಸಿದ ಆಸ್ಪತ್ರೆಯ ಗಾಡಿ ಬಂದಾಗ ಹಗ್ಗ ಬಿಚ್ಚಿದರು. ಕೂಡಿಸಿದ ಹೆಣ ಹಾಗೆಯೇ ಸೆಟೆದಿತ್ತು. ಬಸವಣ್ಣೆಪ್ಪ ಮೊಣಕಾಲು ಅದುಮಿ ನೋಡಿದ, ಲಟಕ್ಕೆಂದಿತು. ಕೈ ತೆಗೆದು ಗೋಡೆಗೆ ಮುಖ ಮಾಡಿ ನಿಂತ.

ಚಕ್ಕಳಮಕ್ಕಳ ಹಾಕಿದ ಕಾಲಿನಲ್ಲೇ ಚನ್ನೇಶನನ್ನು ಗಾಡಿಯಲ್ಲಿ ಅಂಗಾತ ಮಲಗಿಸಿದರು. ಹಿಡಿದುಕೊಳ್ಳಲು ರುದ್ರೇಶನನ್ನು ಪಕ್ಕಕ್ಕೆ ಕೂಡಿಸಿದಳು ಸುಧಾರಾಣಿ. ಓಣಿಯ ಪ್ರತಿ ತಿರುವಿನಲ್ಲೂ ಹೆಣ ಅವನ ಮೇಲೆಯೇ ಉರುಳಿ ಬರುತ್ತಿತ್ತು. ಅವನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.