ಕೋಳಿಯಿಲ್ಲದ ಹಟ್ಟಿ

ತನ್ನ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡಿದ್ದ ಅಜ್ಜಿ ನಮ್ಮ ಹಟ್ಟಿಯವಳಲ್ಲ. ನಮ್ಮಲ್ಲಿ ಕೋಳಿಯೇ ಇಲ್ಲ. ನಮ್ಮ ಜನ ಕುರಿ ತಿನ್ನುತ್ತಾರೆ, ಮೇಕೆ ತಿನ್ನುತ್ತಾರೆ, ಸಮಯ ಸಿಕ್ಕರೆ ಒಬ್ಬರನ್ನೊಬ್ಬರು ತಿನ್ನುತ್ತಾರೆ. ಕೋಳಿಯನ್ನು ಮಾತ್ರ ತಿನ್ನುವುದಿಲ್ಲ, ಸಾಕುವುದಿಲ್ಲ. ಅದರ ಒಂದು ಪುಕ್ಕ ಗಾಳಿಗೆ ಹಾರಿ ಬೇಲಿಯೊಳಗೆ ಬಿದ್ದರೂ ಗಂಜಳ ಚಿಮುಕಿಸುತ್ತಾರೆ. ದೇವರಿಗೆ ಆಗುವುದಿಲ್ಲವಂತೆ. ಹಾಗಾಗಿ ನಮ್ಮಲ್ಲಿ ಬೆಳಗಾಗುವುದು ದೊಡ್ಡಪಾಲಯ್ಯ ಕೆಮ್ಮಿದ ಮೇಲೆ. ಕೊನೆಯ ಪಕ್ಷ ದೊಡ್ಡಪಾಲಯ್ಯನವರು ಹಾಗೆ ನಂಬಿದ್ದಾರೆ.

ಅವರು ಹಟ್ಟಿಯ ಹಿರಿಯರು. ಗುಡಿಯ ಕಟ್ಟೆ ಅವರ ಆಫೀಸು. ಯಾರು ಯಾರನ್ನು ಮದುವೆಯಾಗಬೇಕು, ಬೋರು ಎಲ್ಲಿ ಕೊರೆಸಬೇಕು, ಯಾರ ಮಗಳು ಎಲ್ಲಿ ಇದ್ದು ಓದಬೇಕು, ಎಲ್ಲಕ್ಕೂ ಅವರದೇ ಕಡೆಯ ಮಾತು. ಅವರು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ.

ನಾನು ಮಾಲತಿ. ತಳಕಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಸುತ್ತಲ ಹಳ್ಳಿಗಳ ಮಕ್ಕಳ ಕಾಲೇಜು ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ ತುಂಬುತ್ತೇನೆ. ಬೇರೆಯವರನ್ನೆಲ್ಲ ಕಾಲೇಜಿಗೆ ಸೇರಿಸುವ ನಾನು ಡಿಗ್ರಿ ಮುಗಿಸಿದವಳಲ್ಲ. ಈ ವರ್ಷ ನನ್ನ ತಂಗಿ ಪ್ರೇಮಲತಾಳ ಅರ್ಜಿಯನ್ನೂ ನಾನೇ ತುಂಬಿದೆ. ಮೊಳಕಾಲ್ಮೂರಿನಲ್ಲಿ ಪಿಯುಸಿ ಮುಗಿಸಿದ ಹುಡುಗಿ, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೇಳು. ಚಳ್ಳಕೆರೆಯಲ್ಲಿ ಬಿಎಸ್ಸಿ ಸೀಟು ಸಿಕ್ಕಿತು. ಹುಡುಗಿಯರ ಹಾಸ್ಟೆಲ್ ಪಟ್ಟಿಯಲ್ಲೂ ಹೆಸರು ಬಂತು. ಸೋಮವಾರ ಸಂಜೆಯೊಳಗೆ ಅಪ್ಪನ ಸಹಿ ಹಾಕಿಸಿಕೊಂಡು ಹೋಗಿ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಜಾಗ ಮುಂದಿನವರಿಗೆ. ದಿನಾ ಓಡಾಡುವ ಮಾತೇ ಇಲ್ಲ. ನಮ್ಮ ಹಟ್ಟಿಗೆ ಬೆಳಗಿನ ಬಸ್ಸು ಬರುವ ಹೊತ್ತಿಗೆ ಅಲ್ಲಿ ಎರಡು ಪೀರಿಯಡ್ ಮುಗಿದಿರುತ್ತದೆ.

ಅಪ್ಪ ಅಂಜಿನೇಯನಿಗೆ ಸಹಿ ಮಾಡಲು ಬರುತ್ತದೆ, ಧೈರ್ಯ ಬರುವುದಿಲ್ಲ. "ಕಟ್ಟೆ ಮ್ಯಾಲೆ ಒಂದ್ಮಾತು ಕೇಳಿ ಹಾಕ್ತೀನಿ" ಎಂದ. ತನ್ನ ಮಗಳು, ತನ್ನ ಪೆನ್ನು, ಮಾತು ಮಾತ್ರ ಇನ್ನೊಬ್ಬರದು. ನಮ್ಮ ಅಪ್ಪ ಒಳ್ಳೆಯವನು. ಒಳ್ಳೆಯವನಾಗಿಯೇ ನಮ್ಮನ್ನು ಹಾಳು ಮಾಡಿದ.

ಕೇಳುವುದು ಅಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆರು ವರ್ಷದ ಹಿಂದೆ ನನಗೂ ಚಳ್ಳಕೆರೆಯಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಹಾಸ್ಟೆಲ್‌ನಲ್ಲಿ ಕೋಳಿ ಬೇಯಿಸುತ್ತಾರೆ, ಅದೇ ಸೌಟನ್ನು ಅನ್ನಕ್ಕೂ ಹಾಕುತ್ತಾರೆ, ಹುಡುಗಿ ಕೆಡುತ್ತಾಳೆ ಎಂದು ಕಟ್ಟೆಯಲ್ಲಿ ತೀರ್ಮಾನವಾಯಿತು. ಅವ್ವನ ತಮ್ಮ ಓಬಳೇಶ್ ಮಾವ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮ್ಯಾನೇಜರು. ಆತನ ಮನೆಯಲ್ಲಿ ಇರಲಿ, ಮಡಿಯಾಗಿ ಇರಲಿ ಎಂದರು. ಇದ್ದೆ. ಬೆಳಿಗ್ಗೆ ಐದಕ್ಕೆ ನೀರು ಹಿಡಿಯುವುದು, ಎರಡು ಮಕ್ಕಳಿಗೆ ಟಿಫಿನ್ ಡಬ್ಬಿ, ಪಾತ್ರೆ, ಬಟ್ಟೆ. ಕಾಲೇಜಿಗೆ ಹೋಗುವ ಹೊತ್ತಿಗೆ ಅಟೆಂಡೆನ್ಸ್ ಕೂಗಿ ಆಗಿರುತ್ತಿತ್ತು. ಪರೀಕ್ಷೆಯ ವಾರವೇ ಶಿಲ್ಪ ಅತ್ತೆಗೆ ತವರು ನೆನಪಾಗುತ್ತಿತ್ತು. ಎರಡು ವರ್ಷಕ್ಕೆ ಐದು ಸಬ್ಜೆಕ್ಟ್ ಹೋಯಿತು. ಹಟ್ಟಿಗೆ ವಾಪಸ್ ಬಂದಾಗ ದೊಡ್ಡಪಾಲಯ್ಯ "ಅದ್ರ ತಲೆಗೆ ಓದು ಹತ್ತಲ್ಲ" ಎಂದರು. ಅದೂ ತೀರ್ಮಾನವಾಯಿತು.

ಇನ್ನು ಮಡಿಯ ವಿಷಯ. ಭಾನುವಾರ ಭಾನುವಾರ ಮಾವ ಕರಿ ಕವರ್‌ನಲ್ಲಿ ಒಂದು ಕೆಜಿ ಕೋಳಿ ತರುತ್ತಿದ್ದ. ಅದಕ್ಕೆಂದೇ ಟೆರೇಸಿನ ಮೇಲೆ ಬೇರೆ ಒಲೆ, ಬೇರೆ ಪಾತ್ರೆ. ಬೇಯಿಸುವವಳು ನಾನು. ಕಿಟಕಿ ಮುಚ್ಚಿ, ಟಿವಿ ಜೋರು ಮಾಡಿ, ಊದಿನಕಡ್ಡಿ ಹಚ್ಚಿ ಉಣ್ಣುತ್ತಿದ್ದರು. ಹಟ್ಟಿಯವರಿಗೆ ಹೇಳಬಹುದಿತ್ತು. ಹೇಳಿದರೆ ಮುಟ್ಟಿದ ಕೈ ಯಾರದು ಎಂದು ಮೊದಲು ಕೇಳುತ್ತಿದ್ದರು. ಅದಕ್ಕೇ ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಭಾನುವಾರ ಸಂಜೆ ಮಾವ ಕಾರಿನಲ್ಲಿ ಬಂದ. ಯಾರು ಹೇಳಿ ಕಳಿಸಿದ್ದರೋ. ಎರಡು ಕೆಜಿ ಖಾರ-ಬೂಂದಿ ಕಟ್ಟೆಯ ಮೇಲಿಟ್ಟು ದೊಡ್ಡಪಾಲಯ್ಯನ ಕಾಲು ಮುಟ್ಟಿದ. ಅತ್ತೆಗೆ ಸೊಂಟ ನೋವು ಶುರುವಾಗಿದೆ ಎಂದು ಅವ್ವ ವಾರದ ಹಿಂದೆಯೇ ಹೇಳಿದ್ದಳು. ಸೊಂಟ ನೋವಿಗೆ ಮದ್ದು ನನ್ನ ತಂಗಿ.

"ಹಾಸ್ಟೆಲ್‌ನಾಗೆ ಬುಧವಾರ ಬುಧವಾರ ಕೋಳಿ ಮಾಡ್ತಾರೆ ಕಣ್ರಿ ಅಜ್ಜ" ಎಂದ ಮಾವ. "ನಮ್ಮ ಹುಡುಗಿ ಅಂಥ ಕಡೆ ಉಂಡ್ಕಂಡು ಬಂದು ಹಟ್ಟಿ ಗುಡಿ ಮುಂದೆ ಓಡಾಡಿದ್ರೆ ದ್ಯಾವರು ಸುಮ್ನಿರ್ತಾನಾ? ನಮ್ಮನ್ಯಾಗೆ ಇರ್ಲಿ. ನನ್ನ ಮಗಳಂಗೆ ನೋಡ್ಕಂತೀನಿ."

ಅವನ ಮಗಳು ಒಂದು ಲೋಟ ತೊಳೆದದ್ದನ್ನು ನಾನು ನೋಡಿಲ್ಲ.

ದೊಡ್ಡಪಾಲಯ್ಯ ಬೂಂದಿ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಅಪ್ಪ ಜೇಬಿನಿಂದ ಪೆನ್ನು ತೆಗೆಯುವ ಬದಲು ಇನ್ನೂ ಒಳಕ್ಕೆ ತಳ್ಳಿದ. ಪ್ರೇಮ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ಗುಡಿಯ ಗೋಡೆಗೆ ಒರಗಿ ನಿಂತಿದ್ದಳು. ಆ ಫೈಲಿನಲ್ಲಿ ಅವಳ ಸೀಟಿನ ಕಾಗದ. ಅವಳು ಅಳುತ್ತಿರಲಿಲ್ಲ. ಆರು ವರ್ಷದ ಹಿಂದೆ ನಾನೂ ಅತ್ತಿರಲಿಲ್ಲ, ಒಳ್ಳೆಯದೇ ಆಗುತ್ತದೆ ಅಂದುಕೊಂಡಿದ್ದೆ. ಅದು ನೆನಪಾಗಿ ನನಗೆ ಮೈ ಉರಿಯಿತು.

"ನಿಮ್ಮನ್ಯಾಗೆ ಭಾನುವಾರ ಮಾಡ್ತೀರಲ್ಲ ಮಾವ" ಎಂದೆ.

ಮಾವ ನಕ್ಕ. ಪೇಟೆಯ ನಗೆ, ಬೇಕೆಂದಾಗ ಬರುತ್ತದೆ. "ಪಾಸಾಗ್ಲಿಲ್ಲ ಅಂತ ಹೊಟ್ಟೆಕಿಚ್ಚು ಅದಕ್ಕೆ. ಏನೋ ಒಂದು ಅಂತೈತೆ."

"ಏನಮ್ಮ, ನೋಡಿದ್ದೀಯಾ?" ದೊಡ್ಡಪಾಲಯ್ಯ ಕೇಳಿದರು.

"ನಾನೇ ತೊಳ್ದು ಬೇಯ್ಸಿದ್ದೀನಿ. ಎರಡು ವರ್ಷ."

"ಕುರಿ ಬಾಡು ಅದು" ಎಂದ ಮಾವ. "ಹುಟ್ಟಿದ್ಮ್ಯಾಲೆ ಕೋಳಿ ಕಾಣದ ಹುಡುಗಿ, ಇದಕ್ಕೇನು ಗೊತ್ತಾಗ್ತೈತೆ ಅದು ಕೋಳಿನೋ ಕುರಿನೋ ಅಂತ? ತಿಂದೋರಿಗೆ ಗೊತ್ತು ರುಚಿ."

ಸುತ್ತ ಕೂತವರು ಹೌದು ಹೌದು ಎಂದರು. ದೊಡ್ಡಪಾಲಯ್ಯ ಕಣ್ಣು ಮುಚ್ಚಿ ತೂಗಿ ನೋಡುವವರಂತೆ ಮಾಡಿದರು. "ಓಬಳೇಶ ಅಂದಿದ್ದು ನ್ಯಾಯ ಐತೆ. ಕಣ್ಣು ಮೋಸ ಮಾಡ್ತೈತೆ, ಕೈ ಮೋಸ ಮಾಡ್ತೈತೆ. ತಿಂದ ನಾಲಿಗೆ ಮೋಸ ಮಾಡಲ್ಲ."

ಕುರಿಯ ತೊಡೆಗೂ ಕೋಳಿಯ ತೊಡೆಗೂ ವ್ಯತ್ಯಾಸ ಗೊತ್ತಾಗದ ಜನ ಕುರಿ ಕಾಯುತ್ತಾರೆ ಎಂದರೆ ನಂಬಬೇಕು. ಆದರೆ ಅವರ ನ್ಯಾಯ ಅದು. ತಿನ್ನದವಳ ಮಾತು ಸಾಕ್ಷಿಯಲ್ಲ, ತಿಂದವಳು ಮನುಷ್ಯಳಲ್ಲ. ಎರಡೂ ಕಡೆಯಿಂದ ಬಾಗಿಲು ಹಾಕಿ ಬೂಂದಿ ತಿನ್ನುತ್ತಿದ್ದರು.

ನಾನು ಪ್ರೇಮಳ ಕೈಯಲ್ಲಿದ್ದ ಫೈಲು ನೋಡಿದೆ.

"ತಿಂದಿದ್ದೀನಿ" ಎಂದೆ. "ಎರಡು ವರ್ಷ, ಭಾನುವಾರ ಭಾನುವಾರ. ಕೋಳಿನೇ."

ಅವ್ವ ಬಾಯಿ ಬಡಿದುಕೊಂಡಳು. ಅಪ್ಪ ನೆಲ ನೋಡಿದ. ನಾನು ಮಾವನನ್ನೇ ನೋಡುತ್ತಿದ್ದೆ. ಅವನ ಬಾಯಿ ತೆರೆಯಿತು. ನನ್ನನ್ನು ಅಲ್ಲೇ ಸುಳ್ಳಿ ಮಾಡುವ ಒಂದು ಮಾತು ಅವನ ಹತ್ತಿರ ಇತ್ತು. ಅದನ್ನು ಆಡಿದರೆ ತಾನೇ ಸಿಕ್ಕಿಬೀಳುತ್ತಿದ್ದ. ಬಾಯಿ ಮುಚ್ಚಿಕೊಂಡ. ಆರು ವರ್ಷದಲ್ಲಿ ನನಗೆ ಅಷ್ಟು ಸಂತೋಷ ಇನ್ನೊಂದು ದಿನ ಆಗಿರಲಿಲ್ಲ.

"ಅಂಗಾದ್ರೆ ಹುಡುಗಿ ಎಲ್ಲಿಗೂ ಬ್ಯಾಡ" ಎಂದರು ದೊಡ್ಡಪಾಲಯ್ಯ. "ಮನ್ಯಾಗೆ ಇರ್ಲಿ."

ಇದಕ್ಕೂ ನಾನು ತಯಾರಾಗಿ ಬಂದಿದ್ದೆ. "ಹಾಸ್ಟೆಲ್‌ನಾಗೆ ಕೋಳಿ ತಿನ್ನದೋರಿಗೆ ಬಾಳೆಹಣ್ಣು ಕೊಡ್ತಾರೆ ಅಜ್ಜ. ತಿನ್ನದೋರ ಅನ್ನದ ಪಾತ್ರೆನೂ ಬ್ಯಾರೆ. ಅಡುಗೆಯೋರನ್ನ ಕೇಳ್ಕಂಡು ಬಂದಿದ್ದೀನಿ. ಅರ್ಜಿನಾಗೇ ಬರೆಯಾಕೆ ಜಾಗ ಐತೆ, ಕೋಳಿ ಬೇಕೋ ಹಣ್ಣು ಬೇಕೋ ಅಂತ. ಪ್ರೇಮಂದು ಹಣ್ಣು ಅಂತ ಬರ್ದಿದ್ದೀನಿ." ಸ್ವಲ್ಪ ತಡೆದು, "ದುರ್ಗದ ಹಾಸ್ಟೆಲ್‌ನಾಗೆ ಇರೋ ನಿಮ್ಮ ಮೊಮ್ಮಗಂದು ಅರ್ಜಿನೂ ನಾನೇ ತುಂಬಿದ್ದು. ಅವ್ನು ಏನು ಬರ್ಸಿದ ಅಂತ ಹೇಳ್ಲಾ?" ಎಂದೆ.

ದೊಡ್ಡಪಾಲಯ್ಯ ಕೆಮ್ಮಿದರು. ಬೆಳಗಾಗಿದ್ದು ನನಗೆ ಆಗಲೇ.

"ಹಣ್ಣು ಕೊಡ್ತಾರೆ ಅಂದ್ಮ್ಯಾಲೆ ದೋಸ ಇಲ್ಲ" ಎಂದರು. "ಅಂಜಿನೇಯ, ಸಹಿ ಹಾಕು."

ಅಪ್ಪ ತೊಡೆಯ ಮೇಲೆ ಫೈಲಿಟ್ಟುಕೊಂಡು ಸಹಿ ಹಾಕಿದ. ಸಹಿ ಒಣಗುವ ಮೊದಲೇ ಇನ್ನೊಂದು ತೀರ್ಮಾನ ಬಂತು. ಕೋಳಿ ತಿಂದವಳು ಹಟ್ಟಿಯೊಳಗೆ ಇರಬೇಕಾದರೆ ನಾಲಿಗೆ ಶುದ್ಧವಾಗಬೇಕು. ಎಕ್ಕದ ಕಡ್ಡಿಯ ತುದಿಯನ್ನು ಕೆಂಡ ಮಾಡಿ ನಾಲಿಗೆಗೆ ಮುಟ್ಟಿಸಿದರು. ಮುಟ್ಟಿಸುವುದು ಎಂದು ಹೇಳುತ್ತಾರೆ, ಸುಡುವುದು ಎಂದು ಯಾರೂ ಹೇಳುವುದಿಲ್ಲ. ಅವ್ವ ನನ್ನ ತಲೆ ಹಿಡಿದುಕೊಂಡಳು. ಆಮೇಲೆ ಗಂಜಳ, ತಣ್ಣೀರು, ಗುಡಿಯ ಮುಂದೆ ಮೂರು ಸುತ್ತು.

ಓಬಳೇಶ್ ಮಾವನ ನಾಲಿಗೆಯ ಮಾತು ಬಂತೇ? ಬಂತು. ಅವನಿಗೆ ಬಿಪಿ ಇದೆ ಎಂದು ಗೊತ್ತಾಯಿತು. ಗುಡಿಗೆ ಟೈಲ್ಸ್ ಹಾಕಿಸಿಕೊಡುತ್ತೇನೆ ಎಂದ. ದೇವರು ಟೈಲ್ಸ್ ಒಪ್ಪಿಕೊಂಡ. ಉಳಿದ ಬೂಂದಿಯನ್ನು ಕಟ್ಟೆಯವರೇ ಹಂಚಿಕೊಂಡರು. ಕೋಳಿ ಬೇಯುವ ಮನೆಯಿಂದ ಬಂದ ಬೂಂದಿ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಪ್ರೇಮಳನ್ನು ಹಾಸ್ಟೆಲ್‌ಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ, ಆಗುತ್ತಿರಲಿಲ್ಲ. ಎಂಟು ಹುಡುಗಿಯರ ಒಂದು ರೂಮು, ಅವಳ ಹೆಸರಿಗೆ ಒಂದು ಮಂಚ, ಒಂದು ಟ್ರಂಕಿನ ಜಾಗ, ಕಿಟಕಿಯ ಪಕ್ಕ ಓದಲು ಒಂದು ಬಲ್ಬು. ಬೆಳಿಗ್ಗೆ ಐದಕ್ಕೆ ಯಾರಿಗೂ ನೀರು ಹಿಡಿಯಬೇಕಾಗಿಲ್ಲ. ಆ ಮಂಚದ ಮೇಲೆ ಎರಡು ನಿಮಿಷ ನಾನೂ ಕೂತು ನೋಡಿದೆ.

ಬುಧವಾರ ಸಂಜೆ ನಾನು ಅಂಗಡಿಯಲ್ಲಿದ್ದಾಗ ಫೋನ್ ಮಾಡಿದಳು.

"ಅಕ್ಕ, ಇವತ್ತು ಎರಡು ಬಾಳೆಹಣ್ಣು ಕೊಟ್ರು. ನಾಲಿಗೆ ಹೆಂಗೈತೆ?"

"ಖಾರ ಆಗಲ್ಲ. ವಾಸಿಯಾಗ್ತೈತೆ."

"ಒಂದ್ಮಾತು ಕೇಳ್ಲಾ, ಬೈಬಾರ್ದು. ಪಕ್ಕದ ಹುಡುಗಿ ತಿಂತಿದ್ಲು, ಘಮ ಬರ್ತಿತ್ತು." ಅವಳು ದನಿ ಇಳಿಸಿದಳು. "ಕೋಳಿ ರುಚಿ ಹೆಂಗಿರ್ತೈತೆ ಅಕ್ಕ?"

"ನಂಗೇನೇ ಗೊತ್ತು" ಎಂದೆ. "ಅತ್ತೆ ತುಂಡು ಎಣ್ಸಿ ಪಾತ್ರೆಗೆ ಹಾಕೋಳು, ಎಣ್ಸಿ ತೆಗೆಯೋಳು. ನನಗೆ ಹಿಂದಿನ ದಿನದ ಬೇಳೆಸಾರು."

"ಮತ್ತೆ ಕಟ್ಟೆ ಮ್ಯಾಲೆ ತಿಂದಿದ್ದೀನಿ ಅಂದ್ಯಲ್ಲ ಅಕ್ಕ?" ಎಂದಳು. ಅಂಗಡಿಯ ಮುಂದೆ ಯಾವುದೋ ಹಳ್ಳಿಯ ಹುಡುಗಿಯೊಬ್ಬಳು ಅರ್ಜಿ ಹಿಡಿದು ನಿಂತಿದ್ದಳು.

"ಹಣ್ಣು ತಿಂದು ಓದ್ಕ ಹೋಗು" ಎಂದು ಫೋನ್ ಇಟ್ಟು, ಅವಳ ಅರ್ಜಿಗೆ ಕೈ ಚಾಚಿದೆ.